ಒರೆಸುವ ಸರದಿ

ಬೀಗದ ಕೈ ಕೋಟಿನ ಬಲಗಡೆ ಜೇಬಿನಲ್ಲೇ ಇತ್ತು. ಆದರೂ ರಾಲಿತ್ಸಾ ಬೆಳಗ್ಗೆಯಿಂದ ಎಷ್ಟು ಸಲ ಅದನ್ನು ಮುಟ್ಟಿ ನೋಡಿಕೊಂಡಳೋ ಅವಳಿಗೇ ಲೆಕ್ಕವಿರಲಿಲ್ಲ. ತನ್ನ ಔಷಧಿ ಅಂಗಡಿಯ ಷಟರು ಅರ್ಧ ಎತ್ತಿ, ‘ಇವತ್ತು ಶಾಲೆ ಶುರು, ಮಧ್ಯಾಹ್ನ ಬನ್ನಿ’ ಅಂತ ಚೀಟಿ ಅಂಟಿಸಿ ಇಳಿಸುವಾಗ ಒಮ್ಮೆ. ಕಾರು ಹತ್ತುವಾಗ ಒಮ್ಮೆ. ನದಿಯ ಕಡೆಯ ಇಳಿಜಾರಿನಲ್ಲಿ ಬ್ರೇಕು ಹಾಕುವಾಗ ಸುಮ್ಮಸುಮ್ಮನೆ ಒಮ್ಮೆ. ಶಾಲೆಯ ಹುಡುಗಿಯರ ಶೌಚಾಲಯದ ಬೀಗದ ಕೈ ಅದು. ಒಳಗೆ, ಕೈತೊಳೆಯುವ ತೊಟ್ಟಿಯ ಪಕ್ಕದ ಗೋಡೆಗೆ, ಅವಳೇ ಖರ್ಚು ಹಾಕಿ ಮಾಡಿಸಿದ ಬಿಳಿ ಪೆಟ್ಟಿಗೆ. ಪೆಟ್ಟಿಗೆಯ ತುಂಬ ಪ್ಯಾಡುಗಳು, ಯಾರೂ ಯಾರನ್ನೂ ಬೇಡದೆ ತೆಗೆದುಕೊಳ್ಳಬಹುದಾದವು. ಇಷ್ಟು ಊರಿಗೆಲ್ಲ ಗೊತ್ತಿತ್ತು. ಪೆಟ್ಟಿಗೆಯ ಮೇಲ್ಗಡೆ, ಬಿಳಿ ಬಟ್ಟೆಯ ಮರೆಯಲ್ಲಿ, ಇಸ್ಕ್ರಾ ಕುನೆವಾ ಮೇಡಂ ಕೂತಿದ್ದಾರೆ ಅನ್ನುವುದು ಮಾತ್ರ ಅವಳಿಗೂ ಗೋರಿಕಲ್ಲಿನ ಸ್ತೋಯಿಲನಿಗೂ ಬಿಟ್ಟರೆ ಮತ್ತೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಗೋರಿಗೆ ಹಾಕುವ ಪಿಂಗಾಣಿ ಫೋಟೋ ಮಾಡುವವನು ಊರಿಗೆ ಅವನೊಬ್ಬನೇ. ಮೊಟ್ಟೆಯಾಕಾರದ ಬಿಲ್ಲೆ, ಅದರಲ್ಲಿ ಕಪ್ಪುಬಿಳುಪು ಮುಖ, ಕೆಳಗೆ ಹೆಸರು, ಹುಟ್ಟಿದ್ದು, ಸತ್ತದ್ದು. ಹಳೇ ಶಾಲಾ ಫೋಟೋದಿಂದ ಕತ್ತರಿಸಿದ ಕುನೆವಾ ಮುಖವನ್ನು ಅವನ ಕೈಗೆ ಕೊಟ್ಟಾಗ ಸ್ತೋಯಿಲ ಟೋಪಿ ತೆಗೆದು, “ಅಯ್ಯೋ, ಮೇಡಂ ಯಾವಾಗ ಹೋದ್ರು?” ಅಂದ. “ಇನ್ನೂ ಹೋಗಿಲ್ಲ.” “ಹಾಗಾದ್ರೆ ಎರಡನೇ ತಾರೀಕಿನ ಜಾಗ ಖಾಲಿ ಬಿಡ್ಲಾ?” ಊರಲ್ಲಿ ಎಷ್ಟೋ ಮುದುಕರು ಹಾಗೆ ಬದುಕಿದ್ದಾಗಲೇ ಕಲ್ಲು ಮಾಡಿಸಿ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಅವನಿಗೇನೂ ವಿಚಿತ್ರ ಅನ್ನಿಸಲಿಲ್ಲ. “ಬಿಡಿ,” ಅಂದಿದ್ದಳು ರಾಲಿತ್ಸಾ. ಹಾಗನ್ನುವಾಗ ಬಾಯಲ್ಲಿ ಏನೋ ಸಿಹಿ ಬಂದಂತಾಗಿತ್ತು. ಹೆಸರಿನ ಕೆಳಗೆ ಬರೆಸಿದ್ದೂ ಅವಳೇ: ‘ಹೆಣ್ಣುಮಕ್ಕಳಿಗೆ ಪಾಠ ಕಲಿಸಿದವರಿಗೆ, ಮರೆಯದ ವಿದ್ಯಾರ್ಥಿನಿಯಿಂದ’. ಪಾದ್ರಿ ನೀರು ಮಂತ್ರಿಸಿ ಮುಗಿಸಿದ ಮೇಲೆ ಮೇಯರು, ಮೇಷ್ಟ್ರುಗಳು, ತಾಯ್ತಂದೆಯರು ಎಲ್ಲರೂ ಕಾರಿಡಾರಿನಲ್ಲಿ ನೆರೆದಿರುವಾಗ ಕುನೆವಾ ತಮ್ಮ ಕೈಯಾರೆ ಆ ಬಟ್ಟೆ ಎಳೆಯಬೇಕು. ಎಳೆದು, ಪ್ಯಾಡಿನ ಪೆಟ್ಟಿಗೆಯ ಮೇಲೆ ತನ್ನ ಮೋರೆ ತಾನೇ ನೋಡಿಕೊಳ್ಳಬೇಕು. ಅಲ್ಲಿಗೇ ಮುಗಿಯಬಾರದು. ಹುಡುಗಿಯರು ಹುಡುಗಿಯರೇ ತಾನೇ, ವಾರ ಕಳೆಯುವುದರೊಳಗೆ ಹೆಸರು ಕಟ್ಟುತ್ತಾರೆ. ‘ಒಂದು ಕುನೆವಾ ಇದ್ರೆ ಕೊಡೇ.’ ‘ನಂಗೆ ಕುನೆವಾ ಬಂದಿದೆ ಕಣೇ.’ ಮುದುಕಿ ಸತ್ತು ಮಣ್ಣಾದ ಮೇಲೂ ಊರಿನ ಬಾಯಲ್ಲಿ ಆ ಹೆಸರು ಹಾಗೇ ಓಡಾಡಿಕೊಂಡಿರಬೇಕು. ಹೆಸರಿಟ್ಟರೆ ಹೇಗಿರುತ್ತದೆ ಅಂತ ತಿಳಿಯಲಿ.

ಬೆಳಗ್ಗೆ ಬೀಗ ಹಾಕುವಾಗ ಕಸಗುಡಿಸುವ ಸ್ತಾಂಕಾ ಚಿಕ್ಕಮ್ಮ ಬಕೆಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. “ಬೀಗ ಯಾಕಮ್ಮಾ? ಹುಡುಗೀರು ಎಲ್ಲಿಗೆ ಹೋಗ್ಬೇಕು? ಟೀಚರುಗಳದ್ದಕ್ಕಂತೂ ಬಿಡಲ್ಲ ಅವ್ರು.” “ಒಂದು ಗಳಿಗೆ ತಡ್ಕೊಳ್ಳಲಿ ಬಿಡಿ ಚಿಕ್ಕಮ್ಮ. ಜನ ಬರೋ ಹೊತ್ತಿಗೆ ನೆಲವೆಲ್ಲ ಗಲೀಜಾಗಿದ್ರೆ ಚೆನ್ನಾಗಿರತ್ತಾ?” ನೆಲದ ಮಾತು ಸುಳ್ಳು. ಯಾವಳಾದರೂ ಹುಡುಗಿ ಬಟ್ಟೆ ಸರಿಸಿ ನೋಡಿಬಿಟ್ಟರೆ ಎಲ್ಲ ಹಾಳಾಗುತ್ತಿತ್ತು. ಇಷ್ಟು ವರ್ಷ ಕಾದದ್ದು ಯಾವುದೋ ಚಿಳ್ಳೆ ಹುಡುಗಿಯ ಕುತೂಹಲಕ್ಕೆ ಬಲಿಯಾಗಬಾರದು.

ಕುನೆವಾ ತಮ್ಮ ಮನೆಯ ಗೇಟಿನ ಹತ್ತಿರವೇ ನಿಂತಿದ್ದರು. ಬೂದು ಕೋಟು, ಹೆಗಲ ಮೇಲೆ ಉಣ್ಣೆಯ ಶಾಲು, ಕೈಯಲ್ಲಿ ಮೂರೇ ಡೇಲಿಯಾ ಹೂವು. ಎತ್ತರ ಕುಗ್ಗಿತ್ತು, ಕಣ್ಣು ಕುಗ್ಗಿರಲಿಲ್ಲ. ಕಾರಿನ ಬಾಗಿಲು ತೆರೆದು ಹಿಡಿದುಕೊಂಡಾಗ ರಾಲಿತ್ಸಾಳ ಬೆನ್ನು ತನ್ನಷ್ಟಕ್ಕೆ ತಾನೇ ನೆಟ್ಟಗಾಯಿತು. ಥೂ, ನಲವತ್ತು ದಾಟಿದ ಹೆಂಗಸು ನಾನು, ಈ ಬೆನ್ನಿಗೆ ಇನ್ನೂ ಭಯವಾ, ಅಂತ ತನ್ನನ್ನೇ ಬೈದುಕೊಂಡಳು.

“ಯಾವ್ದೋ ರೂಮಿಗೆ ನನ್ನ ಹೆಸರಿಡ್ತಿದೀಯಂತೆ. ಯಾವ ರೂಮು?”

“ಅಲ್ಲೇ ನೋಡೋರಂತೆ ಮೇಡಂ.”

“ಲೈಬ್ರರಿಯಾದ್ರೆ ಬೇಡ. ಅಲ್ಲಿ ಬರೀ ಇಲಿ.”

“ಲೈಬ್ರರಿಯಲ್ಲ. ಹುಡುಗೀರು ದಿನಾ ಬಳಸೋ ರೂಮು,” ಅಂದಳು. ನಗು ತಡೆದುಕೊಳ್ಳಲಿಕ್ಕೆ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದಳು. ರಸ್ತೆ ಖಾಲಿ. ಎಡಕ್ಕೆ ಡ್ಯಾನ್ಯೂಬ್ ಕಂದು ಬಣ್ಣಕ್ಕೆ ತಿರುಗಿ ಮಲಗಿತ್ತು. ತಾನು ಕುನೆವಾ ಕ್ಲಾಸಿನಲ್ಲಿದ್ದ ಆ ವರ್ಷವೂ ನದಿ ಹೀಗೇ ಇತ್ತೋ, ಹೆಪ್ಪುಗಟ್ಟಿತ್ತೋ? ಬ್ಯಾಂಕುಗಳು ಮುಳುಗಿ, ಬ್ರೆಡ್ಡಿಗೆ ಸಾಲು ನಿಂತ ಚಳಿಗಾಲ. ಅಮ್ಮ ಹಳೇ ರಜಾಯಿಯ ಹೊಲಿಗೆ ಬಿಚ್ಚಿ ಹತ್ತಿ ಎಳೆದು, ತೆಳು ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದಳು, ‘ಜೋಪಾನ, ಓಡಬೇಡ’ ಅಂತ ಹೇಳಿ. ಓಡಿರಲಿಲ್ಲ. ಕೂತಲ್ಲೇ ಕೂತಿದ್ದಳು. ಕಿಟಕಿ ಪಕ್ಕ, ಕಾಲಿನ ನಡುವೆ ಬಿಸಿ ಹರಿದದ್ದು ಗೊತ್ತಾಗಿ, ದೇವರೇ ನನ್ನ ನಂಬರು ಕರೆಯದೇ ಇರಲಿ, ನನ್ನ ನಂಬರು ಬೇಡ, ಅಂತ. ಕುನೆವಾ ಹಾಜರಿ ಪುಸ್ತಕದ ಮೇಲೆ ಬೆರಳು ಜಾರಿಸಿ ಅವಳನ್ನೇ ಬೋರ್ಡಿಗೆ ಕರೆದಿದ್ದರು. ಏಳಲಿಲ್ಲ. “ಏಳು. ಎಲ್ಲರೂ ಕಾಯ್ತಿದಾರೆ.” ಏಳಲಿಲ್ಲ. ಕುನೆವಾ ಹತ್ತಿರ ಬಂದು, ತೋಳು ಹಿಡಿದು ಎಬ್ಬಿಸಿ, ಕುರ್ಚಿ ನೋಡಿದರು. ಬೈದಿದ್ದರೂ ಆಗುತ್ತಿತ್ತು. ಬೈಯಲಿಲ್ಲ. ತರಗತಿಯ ಮೂಲೆಯ ನಲ್ಲಿಯಲ್ಲಿ ಬೋರ್ಡು ಒರೆಸುವ ಸ್ಪಂಜನ್ನು ಒದ್ದೆ ಮಾಡಿ ತಂದು ಅವಳ ಕೈಗಿಟ್ಟು, “ಯಾರು ಮಾಡಿದ್ರೋ ಅವರೇ ಒರೆಸ್ಬೇಕು,” ಅಂದರು. ಇಡೀ ಕ್ಲಾಸು ನೋಡುತ್ತಿರುವಾಗ ಮಂಡಿಯೂರಿ ಒರೆಸಿದಳು. ಸೀಮೆಸುಣ್ಣದ ನೀರು ಬೆರೆತು ಕುರ್ಚಿಯ ಮೇಲೆಲ್ಲ ಗುಲಾಬಿ ಬಣ್ಣ ಹರಡಿತು, ಒರೆಸಿದಷ್ಟೂ ಹರಡಿತು. ಆಮೇಲೆ ಆ ಸ್ಪಂಜನ್ನು ಯಾವ ಹುಡುಗನೂ ಮುಟ್ಟಲಿಲ್ಲ. ಮೊದಲ ಬೆಂಚಿನ ಪ್ಲಾಮೆನ್ ಅನ್ನುವವನು ಅವಳಿಗೇ ಆ ಹೆಸರಿಟ್ಟ: ಸ್ಪಂಜು. ಓದಲು ದೊಡ್ಡ ಊರಿಗೆ ಹೋಗಿ, ಔಷಧಿಶಾಸ್ತ್ರ ಮುಗಿಸಿ, ಗಂಡ, ಅಂಗಡಿ ಎಲ್ಲ ಮಾಡಿಕೊಂಡು ವಾಪಸು ಬಂದರೂ ಹೆಸರು ಬಸ್‌ಸ್ಟ್ಯಾಂಡಿನಲ್ಲೇ ಕಾದು ಕೂತಿತ್ತು. ಮದುವೆಯಲ್ಲಿ ಗ್ಲಾಸೆತ್ತಿ ಯಾವನೋ ಕುಡುಕ ‘ನಮ್ಮ ಸ್ಪಂಜಿಗೆ ಜೈ’ ಅಂದಿದ್ದ. ಗಂಡ ರಾತ್ರಿಯೆಲ್ಲ ಕೇಳಿದ, ಏನದು, ಯಾಕೆ ಹಾಗಂತಾರೆ, ಅಂತ.

“ನಿನ್ನದು ಕಿಟಕಿ ಪಕ್ಕದ ಜಾಗ,” ಕುನೆವಾ ಇದ್ದಕ್ಕಿದ್ದಂತೆ ಅಂದರು. “ಭಾಗಾಕಾರದಲ್ಲಿ ಸೊನ್ನೆ ಬಿಡ್ತಿದ್ದೆ.”

“ಮತ್ತೇನು ನೆನಪಿದೆ ಮೇಡಂ?”

“ಕುರ್ಚಿ.” ಕುನೆವಾ ಹೂವಿನ ತೊಟ್ಟು ಸರಿಮಾಡಿಕೊಂಡರು. “ನೀನು ಮರೆತಿರಲ್ಲ ಅಂತ ಗೊತ್ತು. ನಾನೂ ಮರೆತಿಲ್ಲ. ನನ್ನ ಕ್ಲಾಸಲ್ಲಿ ಎಲ್ಲರಿಗೂ ಒಂದೇ ರೂಲು ಕಣಮ್ಮ. ಶಾಯಿ ಚೆಲ್ಲಿದವನೂ ಒರೆಸ್ತಿದ್ದ, ವಾಂತಿ ಮಾಡಿದವನೂ ಒರೆಸ್ತಿದ್ದ. ನಿಂಗೆ ಬೇರೆ ರೂಲು ಮಾಡಿದ್ರೆ ಅದು ನಾಚಿಕೆ ಪಡೋ ವಿಷಯ ಅಂತ ನಾನೇ ಹೇಳಿದ ಹಾಗಾಗ್ತಿತ್ತು.”

ಶಾಯಿಯಂತೆ! ಮರೆತಿದ್ದೇನೆ ಅಂದಿದ್ದರೆ, ತಪ್ಪಾಯಿತು ಅಂದಿದ್ದರೆ, ಬಹುಶಃ ಅವಳು ಆ ಬಿಲ್ಲೆಯನ್ನು ಗೋಡೆಯಿಂದ ಕಿತ್ತುಹಾಕಿಸುತ್ತಿದ್ದಳು. ಇಲ್ಲ, ಸುಳ್ಳು, ಕಿತ್ತುಹಾಕಿಸುತ್ತಿರಲಿಲ್ಲ. ಆದರೆ ಒಂದು ಕ್ಷಣವಾದರೂ ಹಿಂಜರಿಯುತ್ತಿದ್ದಳು. ಈಗ ಅದೂ ಇಲ್ಲ. ಒಳ್ಳೆಯದೇ ಆಯಿತು, ಮುದುಕಿ ತಾನೇ ತನ್ನ ಗುಂಡಿ ತೋಡಿಕೊಂಡಳು, ಅಂದುಕೊಂಡು ಶಾಲೆಯ ಗೇಟಿನೊಳಗೆ ಕಾರು ತಿರುಗಿಸಿದಳು.

ಅಂಗಳದ ತುಂಬ ಹೂವು, ಹೊಸ ಬ್ಯಾಗು, ಅಳುವ ಒಂದನೇ ಕ್ಲಾಸಿನವರು. ಮೇಜಿನ ಮೇಲೆ ತಾಮ್ರದ ಪಾತ್ರೆಯಲ್ಲಿ ನೀರು, ಪಕ್ಕದಲ್ಲಿ ಕಾಮಕಸ್ತೂರಿಯ ಕಟ್ಟು, ಶಿಲುಬೆ, ಮೇಣದಬತ್ತಿ. ಮುಂದಿನ ಸಾಲಿಗೆ ತರಗತಿಯ ಕುರ್ಚಿಗಳನ್ನೇ ಹೊರಗೆ ತಂದು ಹಾಕಿದ್ದರು. ಪ್ಲಾಮೆನ್ ಈಗ ಈ ಶಾಲೆಯ ಹೆಡ್‌ಮಾಸ್ಟರು. ಓಡಿಬಂದು, “ಬನ್ನಿ ಬನ್ನಿ ರಾಲಿತ್ಸಾ ಮೇಡಂ,” ಅಂತ ಹಲ್ಲು ಕಿರಿದ. ಬಹುವಚನದ ಅಡಿಯಲ್ಲಿ ಆ ಇನ್ನೊಂದು ಹೆಸರು ಇನ್ನೂ ಬೆಚ್ಚಗಿರುವುದು ಅವಳಿಗೆ ಕೇಳಿಸುತ್ತಿತ್ತು. ಇವನದ್ದೂ ಇದೆ, ಇವನ ಸರದಿಯೂ ಬರುತ್ತದೆ, ಮೊದಲು ಹಿರಿಯರು. ಕುನೆವಾರನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ಪಕ್ಕದ ಕುರ್ಚಿಯಲ್ಲಿ ಬೊಯಾನಾ ಅನ್ನುವ ಏಳನೇ ಕ್ಲಾಸಿನ ಹುಡುಗಿ, ಅತಿಥಿಗಳಿಗೆ ರೊಟ್ಟಿ ಜೇನು ಕೊಟ್ಟು ಬರಮಾಡಿಕೊಳ್ಳುವವಳು, ಅಜ್ಜಿಯ ಕಾಲದ ಕಸೂತಿ ಹಾಕಿದ ಬಿಳಿ ನಿಲುವಂಗಿ ತೊಟ್ಟುಕೊಂಡು ಕೂತಿದ್ದಳು. ರಾಲಿತ್ಸಾ ಮೈಕು ಸರಿಯಾಗಿದೆಯಾ ನೋಡುತ್ತಿದ್ದಾಗ ಆ ಹುಡುಗಿ ಎದ್ದು ಬಂದಳು.

“ಮೇಡಂ, ಹುಡುಗೀರ ಬಾತ್ರೂಮಿಗೆ ಯಾಕೆ ಬೀಗ ಹಾಕಿದೆ?”

“ಅಲ್ಲೇ ಕಾರ್ಯಕ್ರಮ ಅಲ್ವಾ ಪುಟ್ಟಿ. ಆಮೇಲೆ ತೆಗೀತೀವಿ.”

“ಈಗ್ಲೇ ತೆಗೆಯಕ್ಕಾಗಲ್ವಾ? ಒಂದೇ ಒಂದು ನಿಮಿಷ...”

“ಪಾದ್ರಿಗಳು ಬಂದೇಬಿಟ್ರು ನೋಡು. ತಡ್ಕೊಮ್ಮ, ಜಾಣೆ ಅಲ್ವಾ.”

ಹುಡುಗಿ ಏನೋ ಹೇಳಲು ಬಾಯಿ ತೆರೆದು, ಮೈಕಿನ ಹತ್ತಿರ ನಿಂತಿದ್ದ ಪ್ಲಾಮೆನ್‌ನನ್ನೂ ಇಬ್ಬರು ಹುಡುಗರನ್ನೂ ನೋಡಿ ಬಾಯಿ ಮುಚ್ಚಿಕೊಂಡು ತನ್ನ ಕುರ್ಚಿಗೆ ಹಿಂದಿರುಗಿದಳು. ಮುಖ ಬಿಳಚಿಕೊಂಡಿತ್ತು. ಪಾಪ, ಇಷ್ಟು ಜನರ ಮುಂದೆ ರೊಟ್ಟಿ ಹಿಡಿಯಬೇಕಲ್ಲ, ಭಯ, ಅಂದುಕೊಂಡಳು ರಾಲಿತ್ಸಾ. ನಿಜವಾಗಿ ಅಂದುಕೊಂಡಳೋ, ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತೋ? ಔಷಧಿ ಅಂಗಡಿಯಲ್ಲಿ ನಿಂತವಳು ಅವಳು. ಬಾಗಿಲಲ್ಲಿ ಹಿಂದೆಮುಂದೆ ನೋಡುವ ಹುಡುಗಿಗೆ ಏನು ಬೇಕು ಅಂತ ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತಿತ್ತು. ಇವತ್ತು ಮಾತ್ರ ಅವಳ ಕಣ್ಣು ಬೂದು ಕೋಟಿನ ಮೇಲೇ ನೆಟ್ಟಿತ್ತು. ಮುದುಕಿ ಎದ್ದು ಎಲ್ಲಾದರೂ ಒಳಗೆ ಹೋಗಿಬಿಟ್ಟರೆ ಅನ್ನುವ ಒಂದೇ ಯೋಚನೆ.

ಪಾದ್ರಿ ನಿಧಾನದ ಮನುಷ್ಯ. ಹಾಡಿದ್ದನ್ನೇ ಹಾಡಿದ. ಶಿಲುಬೆಯನ್ನು ನೀರಿನಲ್ಲಿ ಅದ್ದಿದ, ಎತ್ತಿದ, ಮತ್ತೆ ಅದ್ದಿದ. ಆಮೇಲೆ ಒಬ್ಬೊಬ್ಬರೇ ಹೋಗಿ ಶಿಲುಬೆಗೆ ಮುತ್ತಿಟ್ಟು, ಕಾಮಕಸ್ತೂರಿಯಿಂದ ಹಣೆಗೆ ನೀರು ಚಿಮುಕಿಸಿಕೊಳ್ಳಲು ಸಾಲು. ಮುಟ್ಟಾದವರು ಆ ಸಾಲಿಗೆ ಹೋಗುವಂತಿಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಆ ಹೊತ್ತಿಗೆ ಸರಿಯಾಗಿ ಯಾರಿಗೋ ಫೋನು ಬರುತ್ತದೆ, ಯಾರಿಗೋ ಮಗುವಿನ ಶೂ ಲೇಸು ಕಟ್ಟಬೇಕೆನಿಸುತ್ತದೆ. ಸಾಲು ಬಿಟ್ಟು ಸರಿದು ನಿಂತ ಹೆಂಗಸರನ್ನು ನೋಡಿಯೂ ನೋಡದ ಹಾಗಿರುವುದು ಊರಿನ ಮರ್ಯಾದೆ. ಇವತ್ತು ಸಾಲಿನಲ್ಲಿ ಮೊದಲು ಹೋಗಬೇಕಾದವಳು ರೊಟ್ಟಿ ಹಿಡಿದ ಹುಡುಗಿ.

“ಬೊಯಾನಾ, ಬಾ ಪುಟ್ಟಿ,” ಪ್ಲಾಮೆನ್ ಕರೆದ. ಹುಡುಗಿ ಏಳಲಿಲ್ಲ. ತೊಡೆಯ ಮೇಲಿನ ರೊಟ್ಟಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. “ಬಾಮ್ಮ, ಏನು ನಾಚಿಕೆ?” ಹಿಂದಿನಿಂದ ಕಿಸಕ್ಕನೆ ನಗು. ಪಾದ್ರಿಯ ಶಿಲುಬೆ ಗಾಳಿಯಲ್ಲೇ ನಿಂತಿತ್ತು. ಆಗ ಪಕ್ಕದಲ್ಲಿದ್ದ ಕುನೆವಾ ಹುಡುಗಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಆದರೆ ಮೈಕಿಗೆ ಕೇಳುವಷ್ಟು ಸ್ಪಷ್ಟವಾಗಿ, “ಏಳು. ಎಲ್ಲರೂ ಕಾಯ್ತಿದಾರೆ,” ಅಂದರು.

ಅದೇ ಮಾತು. ಅದೇ ದನಿ. ರಾಲಿತ್ಸಾಳಿಗೆ ಆದದ್ದು ಸಿಟ್ಟಲ್ಲ, ಸಂತೋಷ. ಹೌದು, ಸಂತೋಷವೇ. ಮುದುಕಿ ಸಿಕ್ಕಿಬಿದ್ದಳು, ಇಡೀ ಊರಿನ ಎದುರಿಗೆ, ಪಿಂಗಾಣಿ ಬಿಲ್ಲೆಯೂ ಬೇಡ, ಬಟ್ಟೆ ಎಳೆಯುವುದೂ ಬೇಡ, ತಾನಾಗಿ ಬಂದು ಬಲೆಗೆ ಬಿದ್ದಳು! ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಸಾಕು ಮಾಡಿ ಮೇಡಂ! ನನಗೆ ಮಾಡಿದ್ದು ಸಾಲ್ಲಿಲ್ವಾ ನಿಮಗೆ? ಈ ಹುಡುಗಿ ಮುಟ್ಟಾಗಿದಾಳೆ, ಕುರ್ಚಿಯಿಂದ ಏಳೋ ಹಾಗಿಲ್ಲ, ಕಾಣಲ್ವಾ ನಿಮ್ಮ ಕಣ್ಣಿಗೆ? ಈ ಮಗೂನೂ ಎಲ್ಲರ ಮುಂದೆ ಮಂಡಿಯೂರಿ ಒರೆಸ್ಬೇಕಾ?”

ಎರಡೂ ಧ್ವನಿವರ್ಧಕಗಳು ಅದನ್ನು ಅಂಗಳದ ಆಚೆಗೂ, ರಸ್ತೆಯ ಬೇಕರಿಯವರೆಗೂ ಮುಟ್ಟಿಸಿದವು. ಅಂಗಳದ ಅಷ್ಟೂ ಕಣ್ಣು ಒಮ್ಮೆಗೇ ಹುಡುಗಿಯ ತೊಡೆಯ ಮೇಲೆ, ಕುರ್ಚಿಯ ಅಂಚಿನ ಮೇಲೆ, ಬಿಳಿ ನಿಲುವಂಗಿಯ ಮಡಿಕೆಯ ಮೇಲೆ ಬಿದ್ದವು. ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಹುಡುಗಿ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಮಾತ್ರ ನಿಧಾನವಾಗಿ ಏರಿತು.

ಕುನೆವಾ ಹುಡುಗಿಯನ್ನು ನೋಡಿದರು, ಕುರ್ಚಿಯನ್ನು ನೋಡಿದರು. “ನಂಗೆ ಗೊತ್ತಾಗ್ಲಿಲ್ಲ ಮಗು,” ಅಂದರು. ಆಮೇಲೆ, “ಬಾತ್ರೂಮಿಗೆ ಹೋಗೋದಲ್ವಾ ಮೊದ್ಲೇ?”

“ಬೀಗ ಹಾಕಿದೆ.”

“ಯಾರು ಹಾಕಿದ್ದು?”

ಹುಡುಗಿ ಬಾಯಲ್ಲಿ ಹೇಳಲಿಲ್ಲ. ಗಲ್ಲ ಎತ್ತಿ ರಾಲಿತ್ಸಾಳನ್ನು ತೋರಿಸಿದಳು. “ಇವ್ರನ್ನ ಕೇಳ್ದೆ. ತಡ್ಕೊ ಅಂದ್ರು.”

ಜೇಬಿನಲ್ಲಿದ್ದ ಕೈ ಬೀಗದ ಕೈಯನ್ನು ಹಿಡಿದೇ ಇತ್ತು. ಯಾವಾಗ ಜೇಬಿಗೆ ಕೈ ಹೋಯಿತೋ. ಏನಾದರೂ ಹೇಳಬೇಕು, ನೆಲ ಗಲೀಜಾಗಬಾರದು ಅಂತ, ಆ ಪೆಟ್ಟಿಗೆ ಮಾಡಿಸಿದ್ದೇ ನಿನ್ನಂಥವರಿಗೆ ಅಂತ, ಹೀಗಾಗಬಾರದು ಅಂತಲೇ ಮಾಡಿಸಿದ್ದು ಅಂತ. ಅಷ್ಟರಲ್ಲಿ ಕುನೆವಾ ಹೆಗಲಿನ ಶಾಲು ತೆಗೆದು, ಹುಡುಗಿಯನ್ನು ಎಬ್ಬಿಸಿ, ಸೊಂಟಕ್ಕೆ ಸುತ್ತಿ ಗಂಟು ಹಾಕಿದರು, ಅವಸರವಿಲ್ಲದೆ, ಲೆಕ್ಕ ಬಿಡಿಸುವ ಹಾಗೆ. ಆಮೇಲೆ ಕೋಟಿನ ತೋಳಿನಿಂದ ಕರವಸ್ತ್ರ ಎಳೆದು ಮೇಜಿನ ಹತ್ತಿರ ಹೋದರು. ಹೋಗಿ, ಪಾದ್ರಿ ನೋಡುನೋಡುತ್ತಿದ್ದ ಹಾಗೆ, ಮಂತ್ರಿಸಿದ ನೀರಿನೊಳಗೆ ಕರವಸ್ತ್ರ ಅದ್ದಿದರು.

“ಮೇಡಂ, ಅದು ಮಂತ್ರಿಸಿದ್ದು, ಅದ್ರಲ್ಲಿ—”

“ನೀರೇ ತಾನೇ ಫಾದರ್. ಇದಕ್ಕೂ ಉಪಯೋಗಕ್ಕೆ ಬರ್ಲಿ.”

ಹಿಂಡಿದರು. ಬಂದು ರಾಲಿತ್ಸಾಳ ಮುಂದೆ ನಿಂತರು. ಅವಳಿಗಿಂತ ಈಗ ಕುಳ್ಳು, ಆದರೂ ಅವಳೇ ತಲೆ ಎತ್ತಿ ನೋಡಬೇಕಾದ ಹಾಗಿತ್ತು. “ತಗೋ,” ಅಂದರು. ಆ ರೂಲನ್ನು ಮತ್ತೆ ಹೇಳಲಿಲ್ಲ. ಹೇಳಬೇಕಾದ ಅಗತ್ಯ ಇರಲಿಲ್ಲ.

ಬೇಡ ಅನ್ನಬಹುದಿತ್ತು. ಮೇಯರ್ ಇದ್ದರು, ಪಾದ್ರಿ ಇದ್ದ, ಸ್ತಾಂಕಾ ಚಿಕ್ಕಮ್ಮ ಬಕೆಟು ಹಿಡಿದುಕೊಂಡು ಓಡಿಬರುತ್ತಲೇ ಇದ್ದಳು. ಕುನೆವಾ ಅವಳಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. ರಾಲಿತ್ಸಾ ಕರವಸ್ತ್ರ ತೆಗೆದುಕೊಂಡಳು. ಕಾಮಕಸ್ತೂರಿಯ ವಾಸನೆ. ಮಂಡಿ ಊರಿದಾಗ ಅಂಗಳದ ಜಲ್ಲಿ ಚುಚ್ಚಿತು. ಕುರ್ಚಿ ಅದೇ ಹಳೇ ಮರದ್ದು, ಅಂಚಿನಲ್ಲಿ ಯಾರೋ ಹೆಸರು ಕೆತ್ತಿದ್ದರು. ಒರೆಸಿದಳು. ಮೊದಲು ಹರಡಿತು, ಆಮೇಲೆ ಬಿಟ್ಟಿತು. ಮುದುಕಿಯನ್ನು ಕೊಂದುಹಾಕಬೇಕು ಅನ್ನಿಸಿತು, ಈಗಲೂ, ಮೊದಲಿಗಿಂತ ಹೆಚ್ಚಾಗಿ, ಯಾಕೆಂದರೆ ಈ ಸಲ ಮುದುಕಿಯದ್ದು ಸರಿಯಾಗಿತ್ತು. ಎಲ್ಲೋ ಹಿಂದೆ ಗಂಡಸಿನ ದನಿಯೊಂದು, ಪ್ಲಾಮೆನ್‌ದೋ ಮತ್ಯಾರದೋ, “ಸ್ಪಂಜು” ಅಂದದ್ದು ಕೇಳಿಸಿತು. ಅಥವಾ ಕೇಳಿಸಿತು ಅಂತ ಅವಳಿಗೇ ಅನ್ನಿಸಿತು.

ಬೀಗದ ಕೈಯನ್ನು ಯಾರಿಗೆ ಕೊಟ್ಟಳೋ ನೆನಪಿಲ್ಲ. ಎದ್ದಾಗ ಜೇಬು ಖಾಲಿ. ಸಾಲು ಮತ್ತೆ ಶುರುವಾಗಿತ್ತು. ಪಾದ್ರಿ ಹೊಸ ನೀರು ತರಿಸಲೋ ಬೇಡವೋ ಅಂತ ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಅದೇ ನೀರನ್ನು ಎಲ್ಲರ ಹಣೆಗೂ ಚಿಮುಕಿಸಿದ. ಬೆಲ್ಲು ಹೊಡೆಯಿತು. ಮಕ್ಕಳು ಹೂವು ಹಿಡಿದುಕೊಂಡು ತರಗತಿಗಳಿಗೆ ಹೋದರು. ಮೇಯರ್ ಗಡಿಯಾರ ನೋಡಿಕೊಂಡು, ಆ ಉದ್ಘಾಟನೆ ಇನ್ನೊಂದಿನ ಇಟ್ಟುಕೊಳ್ಳೋಣ ಅಂತ ಗೊಣಗಿ ಕಾರು ಹತ್ತಿದರು. ಕುನೆವಾ ಡೇಲಿಯಾ ಹೂಗಳನ್ನು ಖಾಲಿ ಕುರ್ಚಿಯ ಮೇಲಿಟ್ಟು, “ನಾನು ಬಸ್ಸಲ್ಲಿ ಹೋಗ್ತೀನಿ,” ಅಂತ ಹೊರಟುಹೋದರು. ಯಾವ ರೂಮು ಅಂತ ಕೇಳಲೇ ಇಲ್ಲ. ಅವರ ಕರವಸ್ತ್ರ ರಾಲಿತ್ಸಾಳ ಕೈಯಲ್ಲೇ ಉಳಿದಿತ್ತು. ಅದನ್ನು ಎಲ್ಲಿಡಬೇಕು ಅಂತ ತಿಳಿಯದೆ ಕಾರಿಡಾರಿನಲ್ಲಿ ನಿಂತಿದ್ದಳು.

ಶೌಚಾಲಯದ ಬಾಗಿಲು ತೆರೆದು ಬೊಯಾನಾ ಹೊರಗೆ ಬಂದಳು. ಯಾರದೋ ಆಟದ ಪ್ಯಾಂಟು ಹಾಕಿಕೊಂಡಿದ್ದಳು. ಒಂದು ಕೈಯಲ್ಲಿ ಸುರುಳಿ ಸುತ್ತಿದ ನಿಲುವಂಗಿ ಮತ್ತು ಶಾಲು, ಇನ್ನೊಂದು ಕೈಯಲ್ಲಿ ಬೀಗದ ಕೈ. ಮುಖ ತೊಳೆದುಕೊಂಡಿದ್ದಳು.

“ಗೋಡೆ ಮೇಲೆ ಒಂದು ಬಟ್ಟೆ ಇತ್ತು. ಒರೆಸ್ಕೊಳ್ಳಕ್ಕೆ ಬೇಕಿತ್ತು, ತಗೊಂಡೆ.”

“ಪರವಾಗಿಲ್ಲ ಪುಟ್ಟಿ. ನೋಡು, ನಾನು ಬೇಕಂತ...”

“ನನ್ನ ಪುಟ್ಟಿ ಅನ್ಬೇಡಿ.”

ಹುಡುಗಿ ಬೀಗದ ಕೈಯನ್ನು ಮುಂದೆ ಚಾಚಿದಳು. ರಾಲಿತ್ಸಾ ತೆಗೆದುಕೊಂಡಳು. ಹುಡುಗಿ ಹೋಗಲಿಲ್ಲ. ನಿಂತು ಅವಳ ಹಣೆ, ಕಣ್ಣು, ಬಾಯಿ, ಒದ್ದೆಯಾದ ಮಂಡಿ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಆ ನೋಟ ರಾಲಿತ್ಸಾಳಿಗೆ ಗುರುತಿತ್ತು. ಊರು ಬಿಟ್ಟು ಊರು, ರಾತ್ರಿ ಮೇಲೆ ರಾತ್ರಿ, ತಾನೇ ಅದಕ್ಕೆ ಅನ್ನ ಹಾಕಿ ಸಾಕಿದ್ದಳು.

“ನಿಮ್ಮ ಹೆಸರೇನು?”

“ಒಳಗೆ ಬರೆದಿದೆಯಲ್ಲ, ಅದು...”

“ಗೋಡೆ ಮೇಲಿರೋರ ಹೆಸರು ಓದ್ದೆ. ಅವ್ರದಲ್ಲ. ನಿಮ್ದು. ಪೂರ್ತಿ ಹೆಸರು.”

“ರಾಲಿತ್ಸಾ,” ಅಂದಳು. ಗಂಟಲು ಸರಿಮಾಡಿಕೊಂಡು, ಬೋರ್ಡಿನ ಮುಂದೆ ನಿಂತವಳ ಹಾಗೆ, ಮೊದಲಿಂದ ಹೇಳಿದಳು. “ರಾಲಿತ್ಸಾ ಅಸೆನೊವಾ ತೊಪಾಲೊವಾ.”

ಹುಡುಗಿಯ ತುಟಿ ಸದ್ದಿಲ್ಲದೆ ಒಮ್ಮೆ ಆಡಿತು, ಬಾಯಿಪಾಠ ಮಾಡುವವರ ಹಾಗೆ. ಆಮೇಲೆ ತರಗತಿಗೆ ಹೋದಳು.